ಊರ ಮೇಲಿನ ಬೆಟ್ಟದಲ್ಲಿ ಕಲ್ಲುಕೋರೆ: ಜಾಗ, ದಾರಿ ಎರಡನ್ನೂ ನೋಡುವುದು ಹೇಗೆ?

ತೋಟದಮನೆ, ಶನಿವಾರಸಂತೆ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಊರ ಮೇಲಿನ ಪೈಸಾರಿ (ಸರ್ಕಾರಿ) ಜಾಗದಲ್ಲಿ ಕಲ್ಲುಕೋರೆ ಮಾಡಲು ಅರ್ಜಿ ಹಾಕಿದ್ದಾರೆ. ನಾಲ್ಕು ಎಕರೆ ಚಿಲ್ಲರೆ. ಮುಂದಿನ ತಿಂಗಳು ಗ್ರಾಮಸಭೆ ಇದೆ. ಊರಲ್ಲಿ ಆಗಲೇ ಎರಡು ಗುಂಪು ಆಗಿದೆ. ಒಬ್ಬರು ಕೆಲಸ ಸಿಗುತ್ತದೆ ಅಂತಾರೆ, ಇನ್ನೊಬ್ಬರು ಬೆಟ್ಟ ಹೋಯಿತು ಅಂತಾರೆ. ಎರಡೂ ಕಡೆ ಯಾರ ಹತ್ತಿರವೂ ಒಂದು ಅಳತೆ ಇಲ್ಲ.

ಜಾಗ ಹೀಗಿದೆ. ಮುಖ್ಯರಸ್ತೆಯಿಂದ ಊರಿಗೆ ಎರಡೂವರೆ ಕಿಲೋಮೀಟರ್ ಡಾಂಬರು. ನಡುವೆ ಶಾಲೆ, ಅದು ದಾಟಿದರೆ ಒಂದು ಹೇರ್‌ಪಿನ್ ತಿರುವು, ಆಮೇಲೆ ಕೊಲ್ಲಿಗೆ (ಬೆಟ್ಟದಿಂದ ಇಳಿಯುವ ಹಳ್ಳಕ್ಕೆ) ಕಟ್ಟಿದ ಹಳೇ ಕಲ್ಲಿನ ಮೋರಿ. ಊರಿನಿಂದ ಮೇಲಕ್ಕೆ ಬರೀ ಜೀಪು ದಾರಿ. ಕೋರೆ ಜಾಗದ ಕೆಳಗೆ ನಮ್ಮ ಕಾಫಿ ತೋಟ, ಅದರ ಕೆಳಗೆ ಗದ್ದೆ, ಕೆರೆ. ಹತ್ತು ಹನ್ನೆರಡು ಮನೆಗೆ ಕುಡಿಯುವ ನೀರು ಬರುವುದು ಆ ಬೆಟ್ಟದ ಒರತೆಯಿಂದ.

ನನಗೆ ಗಲಾಟೆ ಬೇಡ. ಸಭೆಯಲ್ಲಿ ಎದ್ದು ನಿಂತಾಗ ಕೈಯಲ್ಲಿ ಲೆಕ್ಕ ಇರಬೇಕು. ಏನು ಅಳೆಯಬೇಕು, ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ತಿಳಿದವರು ಹೇಳಿ.

ಹಳೇ ಓವರ್‌ಸಿಯರ್, ಮಡಿಕೇರಿ

ಕೋರೆ ಜಾಗಕ್ಕೆ ಆಮೇಲೆ ಹೋಗಿ. ಮೊದಲು ಮುಖ್ಯರಸ್ತೆಯಿಂದ ನಡೆದುಕೊಂಡು ಬನ್ನಿ. ಬೈಕಲ್ಲಿ ಬೇಡ. ನಾನು ಮೂವತ್ತು ವರ್ಷ ರಸ್ತೆ ಕೆಲಸ ಮಾಡಿದವನು. ಗಾಡಿಯಲ್ಲಿ ಕೂತು ನೋಡಿದ ರಸ್ತೆ ಬೇರೆ, ಕಾಲಲ್ಲಿ ನಡೆದು ನೋಡಿದ ರಸ್ತೆ ಬೇರೆ.

ನೂರು ಮೀಟರಿಗೊಮ್ಮೆ ಟೇಪು ಹಿಡಿದು ಡಾಂಬರಿನ ಅಗಲ ಬರೆದುಕೊಳ್ಳಿ. ಅಂಚಿನ ಮಣ್ಣನ್ನು ಸೇರಿಸಬೇಡಿ. ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಮಾಮೂಲಿ ಅಗಲ 3.75 ಮೀಟರ್. ಓಡಾಟ ಕಡಿಮೆ ಇರುವ ಕಡೆ 3 ಮೀಟರ್ ಮಾಡುತ್ತಾರೆ. ಟಿಪ್ಪರಿನ ಮೈ ಅಗಲವೇ ಸುಮಾರು ಎರಡೂವರೆ ಮೀಟರ್. 3 ಮೀಟರ್ ರಸ್ತೆಯಲ್ಲಿ ಟಿಪ್ಪರ್ ಎದುರಿಗೆ ಶಾಲೆ ಜೀಪು ಬಂದರೆ ಯಾರಾದರೂ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಎಲ್ಲಿಗೆ ಹೋಗುತ್ತಾರೆ, ಆ ಜಾಗ ಎಷ್ಟು ದೂರದಲ್ಲಿದೆ ಅಂತ ಬರೆಯಿರಿ.

ತಿರುವಿಗೆ ಒಂದು ಸುಲಭದ ಲೆಕ್ಕ ಇದೆ. ಹತ್ತು ಮೀಟರ್ ಹಗ್ಗ ತೆಗೆದುಕೊಂಡು ತಿರುವಿನ ಒಳಅಂಚಿನಲ್ಲಿ ಎರಡು ತುದಿ ಮುಟ್ಟುವ ಹಾಗೆ ಬಿಗಿಯಾಗಿ ಹಿಡಿಯಿರಿ. ಹಗ್ಗದ ನಡುವಿನಿಂದ ರಸ್ತೆ ಅಂಚಿಗೆ ಎಷ್ಟು ದೂರ ಅಂತ ಅಳೆಯಿರಿ. ಒಂದು ಮೀಟರ್ ಬಂದರೆ ತಿರುವಿನ ತ್ರಿಜ್ಯ 13 ಮೀಟರ್. ಎರಡು ಮೀಟರ್ ಬಂದರೆ ಬರೀ ಏಳು ಮೀಟರ್ ಚಿಲ್ಲರೆ. ಬೆಟ್ಟದ ರಸ್ತೆಯ ಹೇರ್‌ಪಿನ್‌ಗೆ ಒಳಗಿನ ತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು ಅನ್ನುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆ.

ಏರು ಅಳೆಯಲು ಮೇಸ್ತ್ರಿಗಳ ಟ್ಯೂಬ್ ಲೆವೆಲ್ (ನೀರು ತುಂಬಿದ ಪೈಪು) ಸಾಕು. ಹತ್ತು ಮೀಟರಿಗೆ 60 ಸೆಂಟಿಮೀಟರ್ ಏರಿದರೆ ಶೇಕಡ 6. ನಮ್ಮ ಕಡೆ ತೋಟದ ದಾರಿಗಳು ಹನ್ನೆರಡು, ಹದಿನೈದು ಇರುತ್ತವೆ. ಜೀಪು ಹತ್ತುತ್ತದೆ. ಹತ್ತು ಟನ್ ಜಲ್ಲಿ ಹೊತ್ತ ಗಾಡಿ ಮಳೆಯಲ್ಲಿ ಇಳಿಯುವುದು ಬೇರೆ ಮಾತು. ಕೋರೆಯ ಒಳದಾರಿಗೂ ಸಾಮಾನ್ಯವಾಗಿ 16ಕ್ಕೆ 1ಕ್ಕಿಂತ ಜಾಸ್ತಿ ಏರು ಇರಬಾರದು ಅಂತ ಷರತ್ತು ಹಾಕುತ್ತಾರೆ.

ಮೋರಿಯ ಫೋಟೋ ಹಾಕಿ. ಮೇಲಿಂದ ತೆಗೆದದ್ದಲ್ಲ, ಕೊಲ್ಲಿಗೆ ಇಳಿದು ಅಡಿಯಿಂದ.

ಗದ್ದೆಬದಿ, ಮಾದಾಪುರ ಹತ್ತಿರ

ತೋಟದಮನೆ ಅಣ್ಣ, ರಸ್ತೆ ಜೊತೆಗೆ ನೀರನ್ನೂ ನೋಡಿ. ನಮ್ಮದು 2018ರ ಭೂಕುಸಿತದಲ್ಲಿ ಪೆಟ್ಟು ತಿಂದ ಕಡೆ. ಆ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ನಾನು ಹೇಳಹೊರಟಿದ್ದು ಅದಕ್ಕಿಂತ ಮುಂಚಿನದು.

ನಮ್ಮ ಗದ್ದೆಯ ಮೇಲ್ಗಡೆ ಒಂದು ಸಣ್ಣ ಕೋರೆ ಇತ್ತು. ಕಲ್ಲು ಸಿಗುವ ಮೊದಲು ಮೇಲಿನ ಮಣ್ಣು ತೆಗೆಯಬೇಕಲ್ವಾ? ಆ ಮಣ್ಣನ್ನೂ ಆಮೇಲೆ ಕಲ್ಲಿನ ಪುಡಿಯನ್ನೂ ಕೊಲ್ಲಿಯ ತಲೆಗೆ ತಳ್ಳಿದರು. ಬೇಸಿಗೆಯಲ್ಲಿ ಏನೂ ಗೊತ್ತಾಗಲಿಲ್ಲ. ಜೂನಿನ ಮೊದಲ ದೊಡ್ಡ ಮಳೆಗೆ ತೋಡಿನ ನೀರು ಹಾಲು ಬೆರೆಸಿದ ಹಾಗೆ ಬಂತು. ಕೆಂಪಲ್ಲ, ಬಿಳಿ. ಕಲ್ಲಿನ ಪುಡಿ ಅದು. ನಾಟಿ ಮಾಡಿದ ಗದ್ದೆಯಲ್ಲಿ ಎರಡು ಬೆರಳು ದಪ್ಪ ಕೂತು, ಒಣಗಿದ ಮೇಲೆ ಸಿಮೆಂಟಿನ ಹಾಗೆ ಗಟ್ಟಿಯಾಯಿತು. ನಮ್ಮ ಅತ್ತೆ ಗುದ್ದಲಿಯಲ್ಲಿ ಕೆರೆದು ಕೆರೆದು ಸಾಕಾಗಿ ಬದುವಿನ ಮೇಲೆ ಕೂತು ಅತ್ತುಬಿಟ್ಟರು. ಆ ಗದ್ದೆಯಲ್ಲಿ ಮತ್ತೆ ಸರಿಯಾಗಿ ಬತ್ತ ಬರಲು ಮೂರು ವರ್ಷ ಬೇಕಾಯಿತು.

ಅರ್ಜಿಯಲ್ಲಿ ಮೇಲ್ಮಣ್ಣು ಎಲ್ಲಿ ಹಾಕುತ್ತೇವೆ ಅಂತ ಬರೆದಿರಬೇಕು. ಆ ಜಾಗಕ್ಕೆ ಹೋಗಿ ನಿಂತು ಕೆಳಗೆ ನೋಡಿ. ಅಲ್ಲಿಂದ ಒಂದು ಚೊಂಬು ನೀರು ಚೆಲ್ಲಿದರೆ ಯಾರ ಗದ್ದೆಗೆ ಹೋಗುತ್ತದೆ ಅಂತ ಊರಿನ ಹಿರಿಯರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ. ಬೇಸಿಗೆಯಲ್ಲಿ ಒಣಗಿ ಕಾಣುವ ತೋಡು ನಕ್ಷೆಯಲ್ಲಿ ಇರುವುದೇ ಇಲ್ಲ.

ಟಿಪ್ಪರ್ ಮಾಲೀಕ, ಕುಶಾಲನಗರ

ನನ್ನ ಹತ್ತಿರ ಎರಡು ಗಾಡಿ ಇದೆ. ಟಿಪ್ಪರ್ ಅಂದ ತಕ್ಷಣ ಜನ ನಮ್ಮನ್ನು ಶತ್ರು ಅಂತ ನೋಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೋರೆ ಇಲ್ಲದಿದ್ದರೆ ನಿಮ್ಮ ಊರಿನ ರಸ್ತೆಗೂ ಜಲ್ಲಿ ಇಲ್ಲ.

ಲೆಕ್ಕ ಮಾಡುವುದು ಹೀಗೆ. ಗಣಿ ಯೋಜನೆಯಲ್ಲಿ ವರ್ಷಕ್ಕೆ ಎಷ್ಟು ಟನ್ ಅಂತ ಇರುತ್ತದೆ. 30,000 ಟನ್ ಅಂತ ಇಟ್ಟುಕೊಳ್ಳಿ. ಆರು ಚಕ್ರದ ಗಾಡಿಯ ಒಟ್ಟು ತೂಕದ ಮಿತಿ 18.5 ಟನ್. ಖಾಲಿ ಗಾಡಿಯ ತೂಕ ಕಳೆದರೆ ಹನ್ನೊಂದು ಟನ್ ಆಸುಪಾಸು ಮಾಲು. ಅಲ್ಲಿಗೆ ವರ್ಷಕ್ಕೆ 2,700 ಲೋಡು. ಮಳೆಗಾಲ ಬಿಟ್ಟು 200 ದಿನ ಕೆಲಸ ಅಂದರೆ ದಿನಕ್ಕೆ ಹದಿನಾಲ್ಕು ಲೋಡು. ಹೋಗಿ ಬಂದು ಇಪ್ಪತ್ತೆಂಟು ಓಡಾಟ. ಎಂಟು ಗಂಟೆಯಲ್ಲಿ ಸುಮಾರು ಹದಿನೇಳು ನಿಮಿಷಕ್ಕೆ ಒಂದು ಗಾಡಿ ಶಾಲೆ ಮುಂದೆ ಹೋಗುತ್ತದೆ. ಈ ಮಾತನ್ನು ಸಭೆಯಲ್ಲಿ ಹೇಳಿ. ಟನ್ನಿನ ಲೆಕ್ಕ ಯಾರಿಗೂ ಅರ್ಥ ಆಗುವುದಿಲ್ಲ, ನಿಮಿಷದ ಲೆಕ್ಕ ಎಲ್ಲರಿಗೂ ಅರ್ಥ ಆಗುತ್ತದೆ.

ಇನ್ನೊಂದು. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ವಾಹನ ನಿಲ್ಲಿಸುತ್ತದಲ್ಲಾ ಅಂತ ಧೈರ್ಯವಾಗಿ ಇರಬೇಡಿ. ಆ ಆದೇಶಗಳಲ್ಲಿ ಗೆರೆ ಎಳೆದಿರುವುದು 18,500 ಕೆಜಿಗೆ. ಆರು ಚಕ್ರದ ಗಾಡಿ ಸರಿಯಾದ ತೂಕದಲ್ಲಿ ಆ ಗೆರೆಗೇ ನಿಲ್ಲುತ್ತದೆ, ದಾಟುವುದಿಲ್ಲ. ಮಳೆಗಾಲದಲ್ಲಿ ಓಡಿಸಬಾರದು ಅಂತಿದ್ದರೆ ಅದನ್ನು ಬೇರೆಯಾಗಿ ಷರತ್ತು ಹಾಕಿಸಿ.

ಹಳೇ ಓವರ್‌ಸಿಯರ್, ಮಡಿಕೇರಿ

ಟಿಪ್ಪರ್ ಮಾಲೀಕರೇ, ಲೆಕ್ಕ ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ. ರಸ್ತೆಗೆ ಬೀಳುವ ಪೆಟ್ಟು ತೂಕದ ಜೊತೆ ನೇರವಾಗಿ ಏರುವುದಿಲ್ಲ. ಆಕ್ಸಲ್ ಮೇಲಿನ ಭಾರ ಎರಡರಷ್ಟಾದರೆ ಪೆಟ್ಟು ಸುಮಾರು ಹದಿನಾರರಷ್ಟು. ಶೇಕಡ 20 ಜಾಸ್ತಿ ಹಾಕಿದರೂ ಪೆಟ್ಟು ಎರಡರಷ್ಟು. ಲೋಡು ತೂಗುವ ವೇಬ್ರಿಡ್ಜ್ ಎಲ್ಲಿದೆ, ಗಾಡಿ ಅಲ್ಲಿಗೆ ಹೋಗುವ ಮೊದಲು ನಿಮ್ಮ ರಸ್ತೆ ದಾಟುತ್ತದಾ ಅಂತ ಕೇಳಿ.

ಮನೆ ಕಟ್ಟುತ್ತಿರುವವ, ಸೋಮವಾರಪೇಟೆ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಲೋಡು ಎಂ-ಸ್ಯಾಂಡಿಗೆ ದೂರದಿಂದ ತರಿಸಿ ಬಾಡಿಗೆಯೇ ಕಲ್ಲಿಗಿಂತ ಜಾಸ್ತಿ ಆಗುತ್ತಿದೆ. ಎಲ್ಲ ಊರವರೂ ನಮ್ಮ ಬೆಟ್ಟ ಬೇಡ ಅಂದರೆ ಕಲ್ಲು ಎಲ್ಲಿಂದ ಬರಬೇಕು? ಬೇರೆ ಜಿಲ್ಲೆಯ ಬೆಟ್ಟದಿಂದಲೇ ತಾನೆ? ಅಲ್ಲಿಯೂ ಶಾಲೆ ಇರುತ್ತದೆ. ಸರಿಯಾದ ಜಾಗ ಯಾವುದು ಅಂತ ನೋಡಿ ಹೇಳುವುದೂ ನಮ್ಮ ಕೆಲಸ ಅನಿಸುತ್ತದೆ.

ತೋಟದಮನೆ, ಶನಿವಾರಸಂತೆ ಕಡೆ

ನೀವು ಹೇಳಿದ್ದು ನನಗೂ ಕಾಡುತ್ತಿದೆ ಅಣ್ಣ. ನಮ್ಮ ಮನೆಯ ಅಡಿಪಾಯಕ್ಕೂ ಯಾವುದೋ ಬೆಟ್ಟದ ಕಲ್ಲೇ ಬಂದಿದೆ. ಅದಕ್ಕೇ ಬೇಡ ಅಂತ ಮೊದಲೇ ಹೇಳದೆ ನೋಡಲು ಹೊರಟಿದ್ದು.

ಕಲ್ಲುಮಣ್ಣು, ಭೂಗರ್ಭಶಾಸ್ತ್ರ ಕಲಿಸುವವಳು

ಸಭೆಗೆ ಮೊದಲು ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಹೇಳುತ್ತೇನೆ.

ಅರ್ಜಿಯಲ್ಲಿರುವ ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ಹುಡುಕಿ. ಜಾಗದಲ್ಲೇ ನಿಂತು ನೋಡಿದರೆ ನೀವು ಯಾವ ನಂಬರಿನಲ್ಲಿ ಇದ್ದೀರಿ ಅಂತ ತೋರಿಸುತ್ತದೆ. ಪಕ್ಕದಲ್ಲಿ ದೇವರಕಾಡು ಇದೆಯಾ ಅಂತ ಪಹಣಿಯಲ್ಲಿ ನೋಡಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಎಷ್ಟೋ ಕಡೆ ಗಡಿ ಕಲ್ಲು ಕಾಣುವುದೇ ಇಲ್ಲ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರ ಸರ್ಕಾರದ ಕರಡು ಅಧಿಸೂಚನೆ 2024ರ ಜುಲೈ 31ರಂದು ಮತ್ತೆ ಹೊರಬಂತು. ಅದರ ಪಟ್ಟಿಯಲ್ಲಿ ನಿಮ್ಮ ಗ್ರಾಮದ ಹೆಸರು ಇದೆಯಾ ನೋಡಿ. ಆ ಕರಡಿನ ಪ್ರಕಾರ ಪಟ್ಟಿಯ ಗ್ರಾಮಗಳಲ್ಲಿ ಗಣಿ, ಕಲ್ಲುಕೋರೆ, ಮರಳು ತೆಗೆಯುವುದು ಮೂರಕ್ಕೂ ನಿಷೇಧ.

5 ಹೆಕ್ಟೇರ್ ಒಳಗಿನ (ನಿಮ್ಮ ನಾಲ್ಕು ಎಕರೆಯೂ ಅದರೊಳಗೇ) ಒಂಟಿ ಕೋರೆಗೆ ಪರಿಸರ ಅನುಮತಿ ಬೇಕು, ಆದರೆ ಸಾಮಾನ್ಯವಾಗಿ ಸಾರ್ವಜನಿಕ ಆಲಿಕೆ ಇರುವುದಿಲ್ಲ. ಹಾಗಾಗಿ ಗ್ರಾಮಸಭೆಯ ನಡಾವಳಿಯಲ್ಲಿ ಏನು ಬರೆಸುತ್ತೀರಿ ಅನ್ನುವುದು ಮುಖ್ಯ. 500 ಮೀಟರ್ ಒಳಗೆ ಬೇರೆ ಕೋರೆ ಇದ್ದರೆ ಎಲ್ಲ ಸೇರಿಸಿ ಲೆಕ್ಕ ಹಿಡಿಯುತ್ತಾರೆ, ಆಗ ನಿಯಮ ಬಿಗಿಯಾಗುತ್ತದೆ. ಪರಿಸರ ಅನುಮತಿಯ ಅರ್ಜಿಗಳಿರುವ ಪರಿವೇಶ್ ಜಾಲತಾಣದಲ್ಲಿ ಅಕ್ಕಪಕ್ಕದ ಅರ್ಜಿಗಳನ್ನು ಹುಡುಕಿ ನೋಡಿ.

ಇಳಿಜಾರಿಗೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಸಮೋನ್ನತ ರೇಖೆಯಿಂದ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇನ್ನೊಂದಕ್ಕೆ 20 ಮೀಟರ್ ಎತ್ತರ. ನಕ್ಷೆಯಲ್ಲಿ ಎರಡು ಗೆರೆ 2 ಮಿಲಿಮೀಟರ್ ದೂರ ಇದ್ದರೆ ನೆಲದಲ್ಲಿ ನೂರು ಮೀಟರಿಗೆ 20 ಮೀಟರ್ ಏರು. 1 ಮಿಲಿಮೀಟರ್ ಇದ್ದರೆ ಅದರ ಎರಡರಷ್ಟು ಕಡಿದು. ಭಾರತೀಯ ಭೂಸರ್ವೇಕ್ಷಣೆಯವರ (ಜಿಎಸ್‌ಐ) ಭೂಕೋಶ್ ಜಾಲತಾಣದಲ್ಲಿ ಭೂಕುಸಿತದ ಅಪಾಯ ತೋರಿಸುವ ನಕ್ಷೆಯೂ ಇದೆ. ಆದರೆ 1:50,000 ನಕ್ಷೆಯಲ್ಲಿ ನಿಮ್ಮ ನಾಲ್ಕು ಎಕರೆ ಒಂದು ಕಾಫಿ ಬೀಜಕ್ಕಿಂತ ಚಿಕ್ಕದು. ಅದನ್ನು ನಂಬಿ ಮನೆಯಲ್ಲೇ ಇರಬೇಡಿ.

ಜಾಗಕ್ಕೆ ಹೋದಾಗ ಮರದ ಬುಡ ನೋಡಿ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುವ ಮರ. ಒಂದೇ ಸಾಲಿನಲ್ಲಿ ಹತ್ತಾರು ಮರಗಳು ಬುಡದಲ್ಲಿ ಬಾಗಿ ಆಮೇಲೆ ಮೇಲಕ್ಕೆ ಹೋಗಿದ್ದರೆ ಅಲ್ಲಿ ಮಣ್ಣು ನಿಧಾನವಾಗಿ ಜಾರುತ್ತಿದೆ ಅಂತ ಅನುಮಾನ ಪಡಬೇಕು. ಒರತೆ ಎಲ್ಲೆಲ್ಲಿದೆ ಗುರುತು ಮಾಡಿ. ಕಡಿದ ಬರೆ (ಗೋಡೆಯ ಹಾಗೆ ನಿಂತ ಮಣ್ಣಿನ ದಿಬ್ಬ) ಕಂಡರೆ ಮಣ್ಣಿನ ದಪ್ಪ ಅಳೆಯಿರಿ. ನಮ್ಮ ಕಡೆ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಜೇಡಿ, ಅದರ ಕೆಳಗೆ ಬಂಡೆ. ಆ ಜೇಡಿ ಒಣಗಿದಾಗ ಹಾರೆಗೂ ಬಗ್ಗುವುದಿಲ್ಲ, ನೀರು ಕುಡಿದರೆ ಸಾಬೂನಿನ ಹಾಗೆ. 2018ರ ಕುಸಿತಗಳನ್ನು ನೋಡಿದ ಭೂಸರ್ವೇಕ್ಷಣೆಯ ತಂಡ ಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದನ್ನೂ ಕಾರಣ ಅಂತ ಹೇಳಿತ್ತು. ಅಂಥ ಸಡಿಲ ಮಣ್ಣನ್ನು ಗಣಿಯಲ್ಲಿ ಕಡಿಯುವಾಗ 45 ಡಿಗ್ರಿಗಿಂತ ಕಡಿದಾಗಿ ಬಿಡಬಾರದು, ಇಲ್ಲವೇ ಒಂದೂವರೆ ಮೀಟರಿಗಿಂತ ಎತ್ತರವಲ್ಲದ ಮೆಟ್ಟಿಲು ಮಾಡಬೇಕು ಅಂತ 1961ರ ಗಣಿ ನಿಯಮಾವಳಿಯಲ್ಲೇ ಇದೆ.

ಮನೆಗಳಿಂದ ದೂರವನ್ನೂ ಬರೆದುಕೊಳ್ಳಿ. ಸಿಡಿಮದ್ದು ಬಳಸುವ ಕೋರೆಗೆ ಕನಿಷ್ಠ 200 ಮೀಟರ್ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದೆ. ಈಗಲೇ ಎಲ್ಲ ಮನೆಗಳ ಗೋಡೆಯ ಫೋಟೋ ತೆಗೆದಿಡಿ. ಆಮೇಲೆ ಬಿರುಕು ಬಿಟ್ಟರೆ ಅದು ಮೊದಲೇ ಇತ್ತು ಅಂತ ಹೇಳುವವರೇ ಜಾಸ್ತಿ.

ತೋಟದಮನೆ, ಶನಿವಾರಸಂತೆ ಕಡೆ

ಎರಡು ಭಾನುವಾರ ಪೂರ್ತಿ ನಡೆದೆವು. ನಾನು, ನನ್ನ ತಂಗಿ, ಶಾಲೆಯ ಇಬ್ಬರು ಹುಡುಗರು. ಕೋರೆ ಬೇಕು ಅನ್ನುವ ಗುಂಪಿನವರನ್ನೂ ಕರೆದೆ, ಒಬ್ಬರು ಬಂದರು. ಟೇಪಿನ ಇನ್ನೊಂದು ತುದಿ ಹಿಡಿದಿದ್ದೇ ಅವರು. ಅದು ಒಳ್ಳೆಯದಾಯಿತು, ಈಗ ಅಳತೆಯ ಬಗ್ಗೆ ಜಗಳ ಇಲ್ಲ.

ಡಾಂಬರಿನ ಅಗಲ ಹೆಚ್ಚಿನ ಕಡೆ 3 ಮೀಟರ್. ಶಾಲೆ ಹತ್ತಿರ ಅಂಚು ತಿಂದು 2.7. ಎರಡು ಗಾಡಿ ಪಕ್ಕ ಪಕ್ಕ ನಿಲ್ಲುವ ಜಾಗ ಇಡೀ ದಾರಿಯಲ್ಲಿ ನಾಲ್ಕೇ. ಶಾಲೆಯಿಂದ ಮೋರಿವರೆಗೆ 800 ಮೀಟರ್, ಒಂದೂ ಇಲ್ಲ. ಒಂದು ಕಡೆ ಬರೆ, ಇನ್ನೊಂದು ಕಡೆ ತೋಟಕ್ಕೆ ಇಳಿಜಾರು. ತಿರುವಿನಲ್ಲಿ ಹಗ್ಗ ಹಿಡಿದಾಗ ನಡುವಿಗೆ 1.6 ಮೀಟರ್ ಬಂತು. ಊರಿನಿಂದ ಮೇಲಿನ ಜೀಪು ದಾರಿ ಒಂದು ಕಡೆ ಹತ್ತು ಮೀಟರಿಗೆ 1.4 ಮೀಟರ್ ಏರುತ್ತದೆ.

ಬೆಟ್ಟದ ಮೇಲೆ ಬಂಡೆ ಕಾಣುವ ಜಾಗ ಗಟ್ಟಿಯಾಗಿಯೇ ಇದೆ. ಅಲ್ಲಿ ಮಣ್ಣು ಒಂದು ಮೊಳವೂ ಇಲ್ಲ. ನಿಜ ಹೇಳುತ್ತೇನೆ, ಅಲ್ಲಿ ನಿಂತಾಗ ಕಲ್ಲು ತೆಗೆಯಲು ಇದು ಕೆಟ್ಟ ಜಾಗ ಅಲ್ಲ ಅನಿಸಿತು. ಹತ್ತಿರದ ಮನೆ 340 ಮೀಟರ್ ದೂರ. ಆದರೆ ಮೇಲ್ಮಣ್ಣು ಹಾಕಲು ತೋರಿಸಿದ ಜಾಗದ ಕೆಳಗೆ ಇಪ್ಪತ್ತು ಹೆಜ್ಜೆಯಲ್ಲೇ ಒರತೆ. ಜರಿಗಿಡದ ಮಧ್ಯೆ ಕೈ ಹಾಕಿದರೆ ಈ ಬೇಸಿಗೆಯಲ್ಲೂ ನೀರು ತಣ್ಣಗೆ. ನಮ್ಮ ಹನ್ನೆರಡು ಮನೆಯ ಪೈಪು ಶುರುವಾಗುವುದೇ ಅಲ್ಲಿ. ನನಗೆ ಅಷ್ಟು ವರ್ಷದಿಂದ ನಲ್ಲಿ ಗೊತ್ತಿತ್ತು, ನೀರು ಎಲ್ಲಿಂದ ಬರುತ್ತದೆ ಅಂತ ನಾನು ಹೋಗಿ ನೋಡಿರಲಿಲ್ಲ.

ಟಿಪ್ಪರ್ ಮಾಲೀಕ, ಕುಶಾಲನಗರ

ಹಾಗಾದರೆ ಕಲ್ಲಿಗೆ ತೊಂದರೆ ಇಲ್ಲ, ದಾರಿಗೆ ತೊಂದರೆ. ಆ 800 ಮೀಟರ್ ಅಗಲ ಮಾಡಿಸಿದರೆ ಆಯಿತಲ್ಲ? ಖರ್ಚು ಗುತ್ತಿಗೆದಾರರೇ ಹಾಕಲಿ.

ಹಳೇ ಓವರ್‌ಸಿಯರ್, ಮಡಿಕೇರಿ

ಇಲ್ಲೇ ಎಲ್ಲರೂ ಎಡವುವುದು. ಅಗಲ ಮಾಡುವುದು ಅಂದರೆ ಬರೆ ಕಡಿಯುವುದು. 800 ಮೀಟರ್ ಉದ್ದ, 2 ಮೀಟರ್ ಅಗಲ, ಬರೆ ಸರಾಸರಿ 3 ಮೀಟರ್ ಎತ್ತರ ಅಂತ ಹಿಡಿಯಿರಿ. 4,800 ಘನ ಮೀಟರ್ ಮಣ್ಣು. ಕಡಿದ ಮೇಲೆ ಅದು ಇನ್ನೂ ಉಬ್ಬುತ್ತದೆ. ಗಾಡಿಗೆ ಆರು ಘನ ಮೀಟರ್ ಅಂದರೂ 800 ಲೋಡಿಗಿಂತ ಜಾಸ್ತಿ. ಅದನ್ನು ಎಲ್ಲಿ ಹಾಕುತ್ತಾರೆ? ಸಮತಟ್ಟು ಜಾಗ ಹುಡುಕಿ ಯಾರೂ ಹೊರುವುದಿಲ್ಲ, ಆಚೆ ಬದಿಗೆ ತಳ್ಳುತ್ತಾರೆ. ಜೆಸಿಬಿ ಬಕೆಟ್ ತಿರುಗಿಸಿದರೆ ಮುಗಿಯಿತು. ಅಲ್ಲಿ ತೋಟ, ಕೆಳಗೆ ಗದ್ದೆ. ಕಡಿದ ಬರೆಯ ಮೇಲಿನ ಮರಗಳ ಬೇರು ಗಾಳಿಗೆ ಬಿಟ್ಟ ಹಾಗೆ ಆಗುತ್ತದೆ. ಮೊದಲ ಮಳೆಗಾಲ ನಿಲ್ಲಬಹುದು. ಎರಡನೆಯದರಲ್ಲಿ ಬರೆ ರಸ್ತೆಗೆ ಬರುತ್ತದೆ. ನನ್ನ ಸರ್ವಿಸಿನಲ್ಲಿ ರಾತ್ರಿ ಟಾರ್ಚು ಹಿಡಿದು ಓಡಿದ ಕುಸಿತಗಳಲ್ಲಿ ಬಹುಪಾಲು ಹೀಗೆ ಕಡಿದ ಜಾಗದ್ದೇ.

ಕೋರೆಯ ನಕ್ಷೆ ನಾಲ್ಕು ಎಕರೆಯ ಗಡಿಗೆ ನಿಂತುಬಿಡುತ್ತದೆ. ಗಡಿ ಸುತ್ತ ಏಳೂವರೆ ಮೀಟರ್ ಹಸಿರು ಪಟ್ಟಿ ಅಂತ ತೋರಿಸುತ್ತಾರೆ, ಚೆನ್ನಾಗಿ ಕಾಣುತ್ತದೆ. ಈ 800 ಮೀಟರ್ ಬರೆ ಯಾವ ನಕ್ಷೆಯಲ್ಲೂ ಬರುವುದಿಲ್ಲ. ಅದನ್ನು ಅರ್ಜಿಯ ಭಾಗವಾಗಿ ತೋರಿಸಿ ಅಂತ ಕೇಳಿ. ಕಡಿದ ಮಣ್ಣು ಎಲ್ಲಿಗೆ, ತಡೆಗೋಡೆ ಯಾರದ್ದು, ಬರೆಯ ಬುಡದ ಚರಂಡಿ ನೀರು ಯಾವ ತೋಡಿಗೆ, ಎಲ್ಲ ಬರಹದಲ್ಲಿ ಬೇಕು.

ಟಿಪ್ಪರ್ ಮಾಲೀಕ, ಕುಶಾಲನಗರ

ಒಪ್ಪಿದೆ ಸರ್. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಅಗಲ ಮಾಡದೆ ಆಗುವ ದಾರಿ ಒಂದೇ. ಗಾಡಿ ಸೈಡು ಕೊಡಲು 200 ಮೀಟರಿಗೊಂದು ಜಾಗ, ಶಾಲೆ ಬಿಡುವ, ಸೇರುವ ಹೊತ್ತಿಗೆ ಓಡಾಟ ಬಂದ್, ಎರಡೂ ತುದಿಯಲ್ಲಿ ವಾಕಿಟಾಕಿ ಹಿಡಿದ ಒಬ್ಬೊಬ್ಬ ಹುಡುಗ. ಬೇರೆ ಕಡೆ ಹಾಗೆ ಓಡಿಸಿದ್ದೇವೆ. ಲೋಡು ಅರ್ಧಕ್ಕೆ ಇಳಿಯುತ್ತದೆ, ಮಾಲೀಕರು ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು.

ಗದ್ದೆಬದಿ, ಮಾದಾಪುರ ಹತ್ತಿರ

ಧೂಳನ್ನು ಮರೆಯಬೇಡಿ ಅಣ್ಣ. ಹೂಮಳೆ ಬಿದ್ದು ಕಾಫಿ ಹೂ ಬಿಡುವ ವಾರ ರಸ್ತೆ ಬದಿಯ ಗಿಡಗಳು ಸುಣ್ಣ ಬಳಿದ ಹಾಗೆ ಇದ್ದರೆ ಮನಸ್ಸಿಗೆ ಎಷ್ಟು ಕಷ್ಟ ಅಂತ ನಾನು ಕಂಡಿದ್ದೇನೆ. ನೀರು ಹೊಡೆಯುತ್ತೇವೆ ಅಂತಾರೆ. ಮಾರ್ಚಿನಲ್ಲಿ ಆ ನೀರನ್ನು ಯಾವ ಕೆರೆಯಿಂದ ತರುತ್ತಾರೆ ಅಂತಲೂ ಕೇಳಿ.

ತೋಟದಮನೆ, ಶನಿವಾರಸಂತೆ ಕಡೆ

ಮೋರಿಯ ಅಡಿಯ ಫೋಟೋ ಹಾಕಿದ್ದೇನೆ ಓವರ್‌ಸಿಯರ್ ಸರ್. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಮಾನು. ನಡುವೆ ಒಂದು ಬಿರುಕು ಇದೆ, ಪೆನ್ನಿನ ರೀಫಿಲ್ ಹೋಗುವಷ್ಟು. ಅಜ್ಜನ ಕಾಲದಿಂದ ಹಾಗೇ ಇದೆ ಅಂತ ಊರಲ್ಲಿ ಹೇಳುತ್ತಾರೆ.

ಹಳೇ ಓವರ್‌ಸಿಯರ್, ಮಡಿಕೇರಿ

ಹಾಗೇ ಇದೆಯೋ, ಬೆಳೆಯುತ್ತಿದೆಯೋ ಅಂತ ತಿಳಿಯಬೇಕು. ಬೆರಳುದ್ದದ ತೆಳು ಗಾಜಿನ ಪಟ್ಟಿ ತೆಗೆದುಕೊಳ್ಳಿ. ಬಿರುಕಿಗೆ ಅಡ್ಡವಾಗಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಹಚ್ಚಿ, ಪಕ್ಕದಲ್ಲಿ ಪೇಂಟಿನಲ್ಲಿ ತಾರೀಖು ಬರೆಯಿರಿ. ಮೂರು ಕಡೆ ಹಾಕಿ. ಕಲ್ಲು ಕೂದಲೆಳೆ ಕದಲಿದರೂ ಗಾಜು ಒಡೆಯುತ್ತದೆ.

ತೋಟದಮನೆ, ಶನಿವಾರಸಂತೆ ಕಡೆ

ಗ್ರಾಮಸಭೆ ನಿನ್ನೆ ಮುಗಿಯಿತು. ಅಳತೆ ಓದಿದೆ, ಹದಿನೇಳು ನಿಮಿಷದ ಲೆಕ್ಕವನ್ನೂ ಹೇಳಿದೆ. ಟೇಪು ಹಿಡಿದಿದ್ದ ಅವರೂ ಎದ್ದು ನಿಂತು ಅಳತೆ ಸರಿ ಅಂದರು. ನಡಾವಳಿಯಲ್ಲಿ ಮೂರು ವಿಷಯ ಬಂದಿದೆ. ಮೇಲ್ಮಣ್ಣಿನ ಜಾಗ ಒರತೆಯಿಂದ ಬೇರೆ ಕಡೆಗೆ ಹೋಗಬೇಕು. ರಸ್ತೆ ಅಗಲ ಮಾಡುವುದಾದರೆ ಅದನ್ನೂ ಅರ್ಜಿಯ ನಕ್ಷೆಯಲ್ಲಿ ತೋರಿಸಬೇಕು. ತೀರ್ಮಾನಕ್ಕೆ ಮೊದಲು ಇಲಾಖೆಗಳ ಜಂಟಿ ಸ್ಥಳ ಪರಿಶೀಲನೆ ಒಂದು ಸಲ ಮಳೆಗಾಲದಲ್ಲಿ ಆಗಬೇಕು. ಕೊನೆಯದಕ್ಕೆ ಸ್ವಲ್ಪ ವಾದ ಆಯಿತು, ಆದರೆ ಬರೆಸಿದೆವು.

ಇನ್ನೊಂದು ವಿಷಯ ಸರ್. ಗಾಜು ಹಾಕಿ ಹತ್ತೊಂಬತ್ತು ದಿನ ಆಯಿತು. ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ನಡುವಿನದು ಸೀಳಿದೆ. ಈ ಹತ್ತೊಂಬತ್ತು ದಿನದಲ್ಲಿ ಅದರ ಮೇಲೆ ಹೋಗಿದ್ದು ಕಾಫಿ ಮೂಟೆಯ ಲಾರಿ ಎರಡು, ಗೊಬ್ಬರದ ಲಾರಿ ಒಂದು, ಅಷ್ಟೇ.

ಹಳೇ ಓವರ್‌ಸಿಯರ್, ಮಡಿಕೇರಿ

ಕೋರೆಯ ಮಾತು ಪಕ್ಕಕ್ಕಿಡಿ. ತಾರೀಖು ಕಾಣುವ ಹಾಗೆ ಫೋಟೋ ತೆಗೆದು ಇವತ್ತೇ ಪಂಚಾಯಿತಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಇನ್ನೂ ಲಾರಿ ಬರುವುದಿದ್ದರೆ ಮೂಟೆಯನ್ನು ಮೋರಿಯ ಈಚೆಗೇ ಇಳಿಸಿ ಪಿಕಪ್ಪಿನಲ್ಲಿ ಸಾಗಿಸಲು ಹೇಳಿ. ಸೀಳಿದ ಗಾಜು ತೆಗೆಯಬೇಡಿ, ಅದರ ಪಕ್ಕದಲ್ಲೇ ಹೊಸದು ಹಾಕಿ. ನಾನು ಬುಧವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಕೊಲ್ಲಿಗೆ ಇಳಿಯಲು ಒಂದು ಏಣಿ ಇದ್ದರೆ ತಂದಿಡಿ.